ಕ್ರೀಮ್ ಬಿಟ್ಟರೂ ಕೆನೆ ಬಿಡದ ಪಾಸ್ತಾ

ವೈಟ್ ಸಾಸ್ ಪಾಸ್ತಾ ಅಂದರೆ ನನಗೂ ಮಗಳಿಗೂ ಪ್ರಾಣ. ಹೋದ ವರ್ಷ ನನ್ನ ರಕ್ತ ಪರೀಕ್ಷೆಯ ರಿಪೋರ್ಟ್ ಹಿಡಿದುಕೊಂಡು ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದರು. "ಬೆಣ್ಣೆ, ಚೀಸು ಎಲ್ಲ ಜಾಸ್ತಿನಾ?" ಅಂದರು. ಇಲ್ಲ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಮನೆಗೆ ಬಂದವನೇ ಪೆನ್ಸಿಲ್ ತಗೊಂಡು ಕೂತೆ. ಲೆಕ್ಕ ಬರೆಯುವುದೇ ನನ್ನ ಕೆಲಸ. ಅಡುಗೆಮನೆಯಲ್ಲೂ ತಕ್ಕಡಿ ಇಲ್ಲದೆ ನನಗೆ ಕೈ ಓಡುವುದಿಲ್ಲ.

ನಾನು ಇಬ್ಬರಿಗೆ ಮಾಡುತ್ತಿದ್ದ ಸಾಸಿಗೆ 200 ಮಿಲಿ ಕ್ರೀಮ್, 50 ಗ್ರಾಂ ಬೆಣ್ಣೆ, 80 ಗ್ರಾಂ ಪಾರ್ಮೆಸಾನ್ ಚೀಸ್ ಬೀಳುತ್ತಿತ್ತು. ಗಟ್ಟಿ ಕ್ರೀಮಿನಲ್ಲಿ ನೂರಕ್ಕೆ ಸುಮಾರು 35 ಪಾಲು ಕೊಬ್ಬು. ಬೆಣ್ಣೆಯಲ್ಲಿ 80. ಪಾರ್ಮೆಸಾನಿನಲ್ಲಿ 30ರ ಆಸುಪಾಸು. ಅಂದರೆ ಕ್ರೀಮಿನಿಂದ 70 ಗ್ರಾಂ, ಬೆಣ್ಣೆಯಿಂದ 40, ಚೀಸಿನಿಂದ 24. ಒಟ್ಟು 134. ತಟ್ಟೆಗೆ 67 ಗ್ರಾಂ ಕೊಬ್ಬು! 84 ಗ್ರಾಂ ಬೆಣ್ಣೆಯನ್ನು ಉಂಡೆ ಕಟ್ಟಿ ನುಂಗಿದರೂ ಇಷ್ಟೇ ಆಗುತ್ತೆ.

ಆದರೆ ಆ ಲೆಕ್ಕವೇ ದಾರಿಯನ್ನೂ ತೋರಿಸಿತು. ಖರ್ಚು ಇಳಿಸಬೇಕಾದರೆ ದೊಡ್ಡ ಖರ್ಚಿಗೆ ಮೊದಲು ಕೈ ಹಾಕಬೇಕು, ಅಲ್ವಾ? ಅರ್ಧಕ್ಕಿಂತ ಜಾಸ್ತಿ ಕೊಬ್ಬು ಬರುತ್ತಿದ್ದದ್ದು ಕ್ರೀಮಿನಿಂದ. ರುಚಿ ಜಾಸ್ತಿ ಬರುತ್ತಿದ್ದದ್ದು ಚೀಸಿನಿಂದ. ಜನ ಮಾಡುವ ತಪ್ಪು ಇಲ್ಲೇ. ಚೀಸ್ ಪೂರ್ತಿ ಬಿಟ್ಟು, ಕ್ರೀಮಿನ ಜಾಗಕ್ಕೆ 'ಲೋ ಫ್ಯಾಟ್' ಕ್ರೀಮ್ ಹಾಕಿಕೊಳ್ಳುತ್ತಾರೆ. ತಿಂದರೆ ಸಪ್ಪೆ. ಎರಡನೇ ದಿನಕ್ಕೆ ಮತ್ತೆ ಹಳೇ ಪಾಸ್ತಾಕ್ಕೆ ವಾಪಸ್. ನಾನು ಉಲ್ಟಾ ಮಾಡಿದೆ. ಕ್ರೀಮ್ ಪೂರ್ತಿ ತೆಗೆದೆ. ಬೆಣ್ಣೆ ಐದರಲ್ಲಿ ಒಂದು ಪಾಲಿಗೆ ಇಳಿಸಿದೆ. ಚೀಸ್ ಅರ್ಧ ಉಳಿಸಿಕೊಂಡೆ. ಅದೂ ಒಳ್ಳೇ ಚೀಸು.

ಹೇಳೋಕೆ ಸುಲಭ. ಹದಕ್ಕೆ ಬರೋಕೆ ಆರು ಭಾನುವಾರ ಹಿಡಿಯಿತು. ಪ್ರತಿ ಸಲವೂ ಮಗಳು ರುಚಿ ನೋಡಿ ನನ್ನ ಪುಸ್ತಕದಲ್ಲಿ ಹತ್ತಕ್ಕೆ ಅಂಕ ಬರೆಯುತ್ತಿದ್ದಳು. ಮೊದಲನೇ ಭಾನುವಾರ ಕ್ರೀಮಿನ ಬದಲು ಮೊಸರು. ಕುದಿಯುವ ಬಾಣಲೆಗೆ ಸುರಿದೆ. ಮರುಕ್ಷಣಕ್ಕೆ ಒಡೆದು ನೀರು ಬೇರೆ, ಗಟ್ಟಿ ಬೇರೆ. ಎರಡು ಅಂಕ. ಎರಡನೇ ಸಲ ಹಾಲಿಗೆ ಮೂರು ಚಮಚ ಕಾರ್ನ್‌ಫ್ಲೋರ್ ಹಾಕಿ ಕುದಿಸಿದೆ. ನೋಡೋಕೆ ಹೊಳೆಯುತ್ತಿತ್ತು. ಬಾಯಿಗಿಟ್ಟವಳು "ಅಪ್ಪಾ, ಇದು ಕವರ್ ಅಂಟಿಸೋ ಗೋಂದು" ಅಂದಳು. ಮೂರನೇ ಸಲ ಗೋಡಂಬಿ ನೆನೆಸಿ ರುಬ್ಬಿದೆ. ಎಂಟು ಅಂಕ ಬಂತು. ನಾನೂ ಕುಣಿದಾಡಿದೆ. ಆಮೇಲೆ ಲೆಕ್ಕ ನೋಡಿದರೆ ಗೋಡಂಬಿಯಲ್ಲಿ ನೂರಕ್ಕೆ 44 ಪಾಲು ಕೊಬ್ಬು, ಕ್ರೀಮಿಗಿಂತ ಜಾಸ್ತಿ! ಅದು ಬೇರೆ ಥರದ ಕೊಬ್ಬು, ಒಪ್ಪುತ್ತೇನೆ. ಹಾಲಿನ ಪದಾರ್ಥ ತಿನ್ನದವರಿಗೆ ಒಳ್ಳೇ ದಾರಿಯೇ. ಆದರೆ ಹಗುರ ಅಂತ ಮಾತ್ರ ಹೇಳಬೇಡಿ. ನಾಲ್ಕನೆಯದು ಕಡಿಮೆ ಕೊಬ್ಬಿನ ಚೀಸ್. ಅದು ಕರಗಲೇ ಇಲ್ಲ, ರಬ್ಬರಿನ ಹಾಗೆ ಎಳೆ ಎಳೆಯಾಗಿ ಸೌಟಿಗೆ ಸುತ್ತಿಕೊಂಡಿತು.

ಐದನೇ ಸಲ ಹೂಕೋಸು. ಆರನೇ ಸಲ ಅದೇ ಹೂಕೋಸು, ಸರಿಯಾಗಿ.

ಹೂಕೋಸಿನ ಹೆಸರು ಕೇಳಿ ಮುಖ ಹಿಂಡಬೇಡಿ. ಚೆನ್ನಾಗಿ ಬೇಯಿಸಿ ನುಣ್ಣಗೆ ರುಬ್ಬಿದರೆ ಅದಕ್ಕೆ ಕ್ರೀಮಿನ ಮೈಕಟ್ಟು ಬರುತ್ತದೆ. ಬಣ್ಣವೂ ಬಿಳಿ. ನೂರು ಗ್ರಾಂಗೆ ಬರೀ 25 ಕ್ಯಾಲೊರಿ. ಆಲೂಗಡ್ಡೆ ಯಾಕಾಗಬಾರದು ಅಂತ ಕೇಳಬಹುದು. ಆಲೂಗಡ್ಡೆಯಲ್ಲಿ ಪಿಷ್ಟ ಜಾಸ್ತಿ. ಮಿಕ್ಸಿಗೆ ಹಾಕಿದರೆ ಲೋಳೆಯಾಗಿ ಎಳೆ ಬರುತ್ತದೆ. ಹೂಕೋಸಿನಲ್ಲಿ ಪಿಷ್ಟ ತೀರಾ ಕಡಿಮೆ. ಎಷ್ಟು ರುಬ್ಬಿದರೂ ಅಂಟಾಗುವುದಿಲ್ಲ, ನುಣುಪೇ ಆಗುತ್ತಾ ಹೋಗುತ್ತದೆ.

ಈಗ ಅಳತೆ. ಇಬ್ಬರಿಗೆ ಪಾಸ್ತಾ 160 ಗ್ರಾಂ. ದಂಟು ತೆಗೆದ ಹೂಕೋಸು 250 ಗ್ರಾಂ. ಕೊಬ್ಬು ಕಡಿಮೆ ಇರುವ ಹಾಲು 200 ಮಿಲಿ. ಬೆಳ್ಳುಳ್ಳಿ ಆರು ಎಸಳು. ಬೆಣ್ಣೆ 10 ಗ್ರಾಂ, ಅಂದರೆ ಎರಡು ಟೀ ಚಮಚ. ಪಾರ್ಮೆಸಾನ್ 40 ಗ್ರಾಂ. ಕಾರ್ನ್‌ಫ್ಲೋರ್ 5 ಗ್ರಾಂ, ಸಮ ಮಾಡಿದ ಎರಡು ಟೀ ಚಮಚ. ಉಪ್ಪು, ಕಾಳುಮೆಣಸು, ಜಾಯಿಕಾಯಿ. ಇಷ್ಟೇ. ಈ ಸಾಸಿನಲ್ಲಿ ಕೊಬ್ಬು ತಟ್ಟೆಗೆ 12 ಗ್ರಾಂ ಸುಮಾರು. ಎಲ್ಲಿಯ 67, ಎಲ್ಲಿಯ 12!

ಪಾಸ್ತಾದ ಬಗ್ಗೆ ಒಂದು ಮಾತು. ಒಣ ಪಾಸ್ತಾ ನೂರು ಗ್ರಾಂಗೆ 350 ಕ್ಯಾಲೊರಿ ದಾಟುತ್ತದೆ. ಸಾಸ್ ಹಗುರ ಮಾಡಿದ ಖುಷಿಯಲ್ಲಿ ಪಾಸ್ತಾ ಒಂದು ಹಿಡಿ ಜಾಸ್ತಿ ಹಾಕಿದರೆ ಉಳಿಸಿದ್ದರಲ್ಲಿ ಒಂದಷ್ಟು ಅಲ್ಲೇ ಸೋರಿಹೋಗುತ್ತೆ. ಅದಕ್ಕೇ ತಲೆಗೆ 80 ಗ್ರಾಂ. ಇಡೀ ಗೋಧಿಯ ಪಾಸ್ತಾದಲ್ಲಿ ಕ್ಯಾಲೊರಿ ಹೇಳಿಕೊಳ್ಳುವಷ್ಟೇನೂ ಕಡಿಮೆ ಇಲ್ಲ, ನಾರು ಜಾಸ್ತಿ ಇದೆ. ಬೇಗ ಹೊಟ್ಟೆ ತುಂಬುತ್ತದೆ ಅನ್ನುವುದಕ್ಕಾದರೆ ಹಾಕಿ. ಆಕಾರದಲ್ಲಿ ನನಗೆ ಗೀರಿರುವ ಪೆನ್ನೆ ಅಥವಾ ಚಿಪ್ಪಿನಾಕಾರದ್ದು ಇಷ್ಟ. ಗೀರಿನಲ್ಲಿ, ತೂತಿನಲ್ಲಿ ಸಾಸ್ ಸೇರಿಕೊಳ್ಳುತ್ತದೆ. ಇದ್ದ ಸಾಸೇ ಬಾಯಿಗೆ ಜಾಸ್ತಿ ಸಿಕ್ಕ ಹಾಗೆ ಅನ್ನಿಸುತ್ತೆ.

ಚೀಸ್ ಗಡ್ಡೆಯನ್ನೇ ತಂದು ಮನೆಯಲ್ಲಿ ತುರಿಯಿರಿ. ಪ್ಯಾಕೆಟ್ಟಿನ ತುರಿದ ಚೀಸಿಗೆ ಒಂದಕ್ಕೊಂದು ಅಂಟದಿರಲಿ ಅಂತ ಪುಡಿ ಬೆರೆಸಿರುತ್ತಾರೆ. ಅದು ಸಲೀಸಾಗಿ ಕರಗುವುದಿಲ್ಲ, ಸಾಸ್ ಮರಳು ಮರಳಾಗುತ್ತದೆ. ತುರಿಮಣೆಯ ಅತಿ ಸಣ್ಣ ಕಣ್ಣಲ್ಲಿ ತುರಿಯಿರಿ, ಹಿಮದ ಹಾಗೆ ಬೀಳಬೇಕು. ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದು ಬೇಡ ಅನ್ನುವವರು ಪ್ಯಾಕೆಟ್ ತಿರುಗಿಸಿ, ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ ಅಂತ ಬರೆದಿರುವ ಗಟ್ಟಿ ಚೀಸ್ ಹುಡುಕಿ. ನನ್ನ ಹೆಂಡತಿಗಾಗಿ ಮನೆಗೆ ಅದನ್ನೇ ತರುವುದು. ರುಚಿ ಒಂಚೂರು ಮೊಂಡು, ಕೆಲಸಕ್ಕೆ ಕೊರತೆ ಇಲ್ಲ.

ಒಲೆ ಹಚ್ಚೋಣ. ಪಾತ್ರೆಗೆ ಒಂದೂಕಾಲು ಲೀಟರ್ ನೀರು, ಒಂದೂವರೆ ಟೀ ಚಮಚ ಪುಡಿ ಉಪ್ಪು. ಪಾಸ್ತಾಕ್ಕೆ ನೀರು ಧಾರಾಳವಾಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಬೇಕೆಂದೇ ಕಡಿಮೆ. ನೀರು ಕಡಿಮೆಯಾದಷ್ಟೂ ಪಾಸ್ತಾ ಬಿಟ್ಟ ಪಿಷ್ಟ ಅದರಲ್ಲಿ ದಟ್ಟವಾಗಿರುತ್ತದೆ. ಆ ನೀರೇ ಆಮೇಲೆ ನಮ್ಮ ಬಂಡವಾಳ. ನೀರು ಕುದಿ ಬಂದಾಗ ಹೂಕೋಸಿನ ತುಂಡುಗಳನ್ನೂ ನಾಲ್ಕು ಇಡೀ ಬೆಳ್ಳುಳ್ಳಿ ಎಸಳನ್ನೂ ಹಾಕಿ. ಮುಚ್ಚಳ ಬೇಡ, ಹೂಕೋಸಿನ ವಾಸನೆ ಹಬೆಯ ಜೊತೆ ಹೋಗಲಿ. 12ರಿಂದ 14 ನಿಮಿಷ. ಪಲ್ಯದ ಹದಕ್ಕೆ ಬೆಂದರೆ ಸಾಲದು. ಸೌಟಿನ ಬೆನ್ನಿಂದ ಒತ್ತಿದರೆ ಕುಸಿದು ಬೀಳಬೇಕು. ಐದನೇ ಭಾನುವಾರ ನಾನು ಸೋತದ್ದು ಇಲ್ಲೇ. ಎಂಟು ನಿಮಿಷಕ್ಕೇ ತೆಗೆದಿದ್ದೆ. ಎಷ್ಟು ರುಬ್ಬಿದರೂ ನಾಲಿಗೆಗೆ ರವೆ ರವೆ.

ಬೆಂದ ಹೂಕೋಸು, ಬೆಳ್ಳುಳ್ಳಿಯನ್ನು ಜಾಲರಿ ಸೌಟಿನಲ್ಲಿ ಎತ್ತಿ ತಟ್ಟೆಯಲ್ಲಿ ಹರಡಿ. ನೀರು ಚೆಲ್ಲಬೇಡಿ! ಅದು ಮತ್ತೆ ಕುದಿಯಲಿ, ಅದಕ್ಕೇ ಪಾಸ್ತಾ ಹಾಕಿ. ಪ್ಯಾಕೆಟ್ಟಿನ ಮೇಲೆ ಬರೆದ ಸಮಯಕ್ಕಿಂತ ಎರಡು ನಿಮಿಷ ಕಡಿಮೆಗೆ ಗಡಿಯಾರ ಇಡಿ. ಉಳಿದದ್ದು ಸಾಸಿನಲ್ಲಿ ಬೇಯುತ್ತದೆ. ನೀರು ಕಡಿಮೆ ಇರುವುದರಿಂದ ಮೊದಲ ಎರಡು ನಿಮಿಷ ಕೈ ಬಿಡದೆ ತಿರುಗಿಸಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ.

ಪಾಸ್ತಾ ಬೇಯುವ ಹೊತ್ತಿನಲ್ಲಿ ರುಬ್ಬುವ ಕೆಲಸ. ತಟ್ಟೆಯಲ್ಲಿ ಹರಡಿದ ಹೂಕೋಸು ಐದು ನಿಮಿಷ ಆರಲಿ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಒಂದು ಸಲ ಅವಸರಕ್ಕೆ ಸುಡುಸುಡು ಹೂಕೋಸನ್ನು ಮಿಕ್ಸಿ ಜಾರಿನ ಕಂಠದ ತನಕ ತುಂಬಿ ಗುಂಡಿ ತಿರುಗಿಸಿದೆ. ಒಳಗಿನ ಹಬೆ ಹಿಗ್ಗಿ ಮುಚ್ಚಳ ಹಾರಿತು. ಬಿಳಿ ಚಿತ್ತಾರ ಈಗಲೂ ಸೂರಿನ ಮೇಲಿದೆ. ಬಣ್ಣ ಹೊಡೆಸೋಣ ಅಂದರೆ ಹೆಂಡತಿ ಒಪ್ಪುತ್ತಿಲ್ಲ, ನೆನಪಿಗೆ ಇರಲಿ ಅಂತಾಳೆ. ಜಾರು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಮುಚ್ಚಳದ ಮೇಲೆ ಮಡಿಸಿದ ಬಟ್ಟೆ ಇಟ್ಟು ಕೈಯಿಂದ ಒತ್ತಿ ಹಿಡಿಯಿರಿ. 100 ಮಿಲಿ ಹಾಲು ಸೇರಿಸಿ, ನಿಧಾನ ವೇಗದಲ್ಲಿ ಶುರು ಮಾಡಿ, ಆಮೇಲೆ ಜೋರು. ಪೂರ್ತಿ ಎರಡು ನಿಮಿಷ. ಒಂದೇ ನಿಮಿಷಕ್ಕೆ ನುಣ್ಣಗಾದ ಹಾಗೆ ಕಾಣುತ್ತದೆ, ಮೋಸ ಹೋಗಬೇಡಿ. ಎರಡನೇ ನಿಮಿಷದಲ್ಲೇ ಅದಕ್ಕೆ ಹೊಳಪು ಬರುವುದು.

ಅಗಲ ಬಾಣಲೆಯಲ್ಲಿ ಬೆಣ್ಣೆ ಕರಗಿಸಿ. ಉಳಿದ ಎರಡು ಎಸಳು ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಹಾಕಿ. ಸಣ್ಣ ಉರಿ. ಘಮ ಬರಬೇಕು, ಕೆಂಪಾಗಬಾರದು. ಕೆಂಪಾದರೆ ಬಿಳಿ ಸಾಸಿಗೆ ಕಹಿ ಹೊಡೆಯುತ್ತದೆ. ರುಬ್ಬಿದ್ದನ್ನು ಸುರಿಯಿರಿ. ಉಳಿದ 100 ಮಿಲಿ ತಣ್ಣನೆ ಹಾಲಿನಲ್ಲಿ ಕಾರ್ನ್‌ಫ್ಲೋರ್ ಗಂಟಿಲ್ಲದೆ ಕದಡಿ ಅದಕ್ಕೆ ಸೇರಿಸಿ. ಬಿಸಿಯದಕ್ಕೆ ನೇರವಾಗಿ ಪುಡಿ ಉದುರಿಸಿದರೆ ಗಂಟು ಗ್ಯಾರಂಟಿ. ತಿರುಗಿಸುತ್ತಾ ಒಂದು ಕುದಿ ಬರಿಸಿ, ಒಂದು ನಿಮಿಷ ಕುದಿಯಲಿ. ಹಸಿ ಹಿಟ್ಟಿನ ರುಚಿ ಹೋಗಬೇಕಲ್ಲ. ಜಾಯಿಕಾಯಿ ತುರಿಮಣೆಗೆ ನಾಲ್ಕು ಸಲ ಉಜ್ಜಿ, ಸಾಕು. ಜಾಸ್ತಿಯಾದರೆ ಸೋಪಿನ ವಾಸನೆ.

ಪಾಸ್ತಾ ಬಸಿಯುವ ಮುಂಚೆ ಒಂದು ದೊಡ್ಡ ಲೋಟ ನೀರು ಎತ್ತಿಡಿ. ನಾನು ಮರೆಯುತ್ತೇನೆ ಅಂತಲೇ ಸಿಂಕಿನಲ್ಲಿ ಬಸಿಯುವ ಜಾಲರಿಯೊಳಗೆ ಖಾಲಿ ಲೋಟ ಇಟ್ಟಿರುತ್ತೇನೆ. ಲೋಟ ತೆಗೆಯದೆ ಬಸಿಯೋಕೆ ಆಗಲ್ಲ. ಬಸಿದ ಪಾಸ್ತಾ ಬಾಣಲೆಗೆ, ಜೊತೆಗೆ ಅರ್ಧ ಲೋಟ ಆ ನೀರು. ಮಧ್ಯಮ ಉರಿಯಲ್ಲಿ ಎರಡು ನಿಮಿಷ ಬಾಣಲೆ ಕುಲುಕುತ್ತಾ ತಿರುಗಿಸಿ.

ಈಗ ಉರಿ ಆರಿಸಿ. ಆರಿಸಿ ಅಂದರೆ ಆರಿಸಿಯೇ ಬಿಡಿ, ಸಣ್ಣ ಮಾಡುವುದಲ್ಲ. ಅರ್ಧ ನಿಮಿಷ ಕಾದು ಚೀಸನ್ನು ಮೂರು ಸಲಕ್ಕೆ, ಒಂದೊಂದು ಹಿಡಿಯಂತೆ ಉದುರಿಸುತ್ತಾ ಜೋರಾಗಿ ತಿರುಗಿಸಿ. ಚೀಸ್ ವಿಪರೀತ ಬಿಸಿಯಾದರೆ ಅದರಲ್ಲಿರುವ ಪ್ರೋಟೀನ್ ಒಂದಕ್ಕೊಂದು ಅಂಟಿ ಗಂಟಾಗುತ್ತದೆ, ಕೊಬ್ಬು ಎಣ್ಣೆಯ ಹಾಗೆ ಬೇರೆಯಾಗುತ್ತದೆ. ಪಿಷ್ಟ ಇದ್ದರೆ ಅದು ಮಧ್ಯೆ ಬಂದು ತಡೆಯುತ್ತದೆ. ಇದು ನನ್ನ ಕಲ್ಪನೆಯಲ್ಲ. ರೋಮಿನವರ ಚೀಸು-ಮೆಣಸಿನ ಪಾಸ್ತಾ 'ಕಾಚೊ ಎ ಪೆಪೆ' ಯಾಕೆ ಗಂಟು ಕಟ್ಟುತ್ತದೆ ಅಂತ ಇಟಲಿ ಮೂಲದ ಭೌತವಿಜ್ಞಾನಿಗಳ ಗುಂಪೊಂದು ತಲೆಕೆಡಿಸಿಕೊಂಡು ಪ್ರಯೋಗ ಮಾಡಿತು. 2025ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅವರ ಪ್ರಕಾರ ಚೀಸಿನ ತೂಕದ ನೂರಕ್ಕೆ 2ರಿಂದ 3 ಪಾಲು ಪಿಷ್ಟ ಇದ್ದರೆ ಸಾಸ್ ಒಡೆಯದೆ ನಿಲ್ಲುತ್ತದೆ. ನಮ್ಮ 40 ಗ್ರಾಂ ಚೀಸಿಗೆ ಸುಮಾರು ಒಂದು ಗ್ರಾಂ ಸಾಕು. ನಾವು ಹಾಕಿದ್ದು ಐದು, ಜೊತೆಗೆ ಪಾಸ್ತಾ ನೀರು. ಆದ್ದರಿಂದ ಉರಿ ಆರಿಸಿದ್ದರೆ ಹೆದರಬೇಕಿಲ್ಲ.

ಕ್ರೀಮ್ ಇಲ್ಲದಿದ್ದರೆ ಇದು ಅಸಲಿ ಹೇಗಾಗುತ್ತೆ ಅಂತ ಕೇಳುವ ನೆಂಟರು ನನಗಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. ಈ ಜಾತಿಯ ಪಾಸ್ತಾದಲ್ಲಿ ಅತಿ ಹೆಸರುವಾಸಿಯಾದದ್ದು ಫೆಟ್ಟುಚಿನೆ ಆಲ್ಫ್ರೆಡೊ. ರೋಮಿನಲ್ಲಿ ಆಲ್ಫ್ರೆಡೊ ದಿ ಲೆಲಿಯೊ ಅನ್ನುವವರು ಬಡಿಸುತ್ತಿದ್ದ ಆ ಪಾಸ್ತಾದಲ್ಲಿ ಬೆಣ್ಣೆ ಮತ್ತು ಪಾರ್ಮೆಸಾನ್ ಬಿಟ್ಟರೆ ಬೇರೇನೂ ಇರಲಿಲ್ಲ. 1920ರಲ್ಲಿ ಮಧುಚಂದ್ರಕ್ಕೆ ಹೋಗಿದ್ದ ಹಾಲಿವುಡ್ ಜೋಡಿ ಮೇರಿ ಪಿಕ್‌ಫೋರ್ಡ್ ಮತ್ತು ಡಗ್ಲಸ್ ಫೇರ್‌ಬ್ಯಾಂಕ್ಸ್ ಅದನ್ನು ತಿಂದು ಮರುಳಾದರು. ಮುಂದೆ ಆಲ್ಫ್ರೆಡೊ ಅವರಿಗೆ ಚಿನ್ನದ ಫೋರ್ಕು, ಚಮಚವನ್ನೇ ಉಡುಗೊರೆ ಕೊಟ್ಟರು. ಕ್ರೀಮ್ ಸೇರಿಕೊಂಡದ್ದು ಆ ಪಾಸ್ತಾ ಅಮೆರಿಕಕ್ಕೆ ಹೋದ ಮೇಲೆ. ಅಂದರೆ ಕ್ರೀಮೇ ಆಮೇಲೆ ಬಂದ ನೆಂಟ. ಹಾಗಂತ ರೋಮಿನದು ಹಗುರ ಅಂದುಕೊಳ್ಳಬೇಡಿ, ಬೆಣ್ಣೆ ಅಲ್ಲಿ ಧಾರಾಳ. ನಮಗೆ ಬೇಕಾದ್ದು ಅವರ ಕೈಚಳಕ ಮಾತ್ರ. ಚೀಸನ್ನು ಪಾಸ್ತಾ ನೀರಿನ ಜೊತೆ ಕಲಸಿ ಕೆನೆಯ ಹಾಗೆ ಮಾಡುವುದು.

ಬಾಣಲೆಯಲ್ಲಿದ್ದಾಗ ಸಾಸ್ ಸ್ವಲ್ಪ ನೀರಾಗಿದೆ ಅನ್ನಿಸಬೇಕು. ಹಾಗಿದ್ದರೆ ಸರಿ ಇದೆ. ತಟ್ಟೆಗೆ ಬರುವಷ್ಟರಲ್ಲಿ ಪಾಸ್ತಾ ಅರ್ಧ ಹೀರಿಕೊಂಡಿರುತ್ತದೆ, ಆರಿದಂತೆ ಪಿಷ್ಟವೂ ಬಿಗಿಯುತ್ತದೆ. ಒಲೆಯ ಮೇಲೇ ಸರಿಯಾದ ಹದ ಕಂಡರೆ ಊಟಕ್ಕೆ ಕೂರುವಷ್ಟರಲ್ಲಿ ಮುದ್ದೆಯಾಯಿತು ಅಂತಲೇ ಲೆಕ್ಕ. ಲೋಟದಲ್ಲಿ ಉಳಿದ ನೀರು ಇರುವುದು ಅದಕ್ಕೇ, ಒಂದೆರಡು ಚಮಚ ಸೇರಿಸಿ ಸಡಿಲ ಮಾಡಿ. ಉಪ್ಪು ನೋಡುವುದು ಚೀಸ್ ಹಾಕಿದ ಮೇಲೆ, ಮೊದಲಲ್ಲ. ನೀರಲ್ಲೂ ಉಪ್ಪಿದೆ, ಚೀಸಲ್ಲೂ ಇದೆ. ನನಗೆ ಬಹಳ ಸಲ ಒಂದು ಕಲ್ಲೂ ಬೇಕಾಗಿಲ್ಲ.

ಕೊಬ್ಬು ಕಡಿಮೆಯಾದಾಗ ಬಾಯಿಗೆ ಏನೋ ಕೊರತೆ ಅನ್ನಿಸುವುದು ನಿಜ. ಅದನ್ನು ತುಂಬೋಕೆ ಘಾಟು, ಹುಳಿ, ಘಮ ಬೇಕು. ಹೊಸದಾಗಿ ಕುಟ್ಟಿದ ಕಾಳುಮೆಣಸು ಧಾರಾಳ ಹಾಕಿ. ನಿಂಬೆಯ ಹಳದಿ ಸಿಪ್ಪೆ ಸ್ವಲ್ಪ ತುರಿದು ಉದುರಿಸಿ. ರಸ ಬೇಕೆನ್ನುವವರು ತಟ್ಟೆಗೆ ಬಂದ ಮೇಲೆ ನಾಲ್ಕು ಹನಿ ಹಿಂಡಿಕೊಳ್ಳಲಿ. ಕುದಿಯುವ ಹಾಲಿಗೆ ನಿಂಬೆ ಹಿಂಡಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ನನ್ನ ಮಗಳಿಗೆ ಅಣಬೆ ಬೇಕು. 150 ಗ್ರಾಂ ಅಣಬೆ ಹೆಚ್ಚಿ, ಎಣ್ಣೆ ಹಾಕದೆ ಕಾದ ಬಾಣಲೆಗೆ ಹರಡಿ ಸುಮ್ನೆ ಬಿಟ್ಟುಬಿಡಿ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಮೊದಲು ನೀರು ಬಿಡುತ್ತದೆ, ಆ ನೀರು ಆರುತ್ತದೆ, ಆಮೇಲೆ ಕೆಂಪಗಾಗುತ್ತದೆ. ಕೆಂಪಾದ ಮೇಲೆ ಅರ್ಧ ಚಮಚ ಎಣ್ಣೆ. ಮೊದಲೇ ಎಣ್ಣೆ ಹಾಕಿದರೆ ಅಷ್ಟನ್ನೂ ಹೀರಿಕೊಂಡು ಇನ್ನೂ ಕೇಳುತ್ತದೆ.

ಅತಿಥಿಗಳು ಬಂದಾಗ ನಾನೊಂದು ಕಳ್ಳಾಟ ಆಡುತ್ತೇನೆ. ಕೊನೆಗೆ ಎರಡು ದೊಡ್ಡ ಚಮಚ, ಅಂದರೆ 30 ಮಿಲಿ ಕ್ರೀಮ್ ಬೆರೆಸುತ್ತೇನೆ. ತಟ್ಟೆಗೆ ಐದು ಗ್ರಾಂ ಚಿಲ್ಲರೆ ಕೊಬ್ಬು ಹೆಚ್ಚಾಗುತ್ತದೆ, ಇರಲಿ. ಕ್ರೀಮಿನ ಆ ಪರಿಚಿತ ಘಮ ಮೂಗಿಗೆ ಬಿದ್ದರೆ ಸಾಕು, ಹೂಕೋಸು ಯಾರಿಗೂ ಪತ್ತೆಯಾಗುವುದಿಲ್ಲ. ಇಲ್ಲಿಯವರೆಗೆ ಒಬ್ಬರೂ ಕಂಡುಹಿಡಿದಿಲ್ಲ.

ಮೊಸರೇ ಹಾಕಬೇಕು ಅನ್ನುವ ಹಟ ಇದ್ದರೆ ಅದಕ್ಕೂ ದಾರಿಯಿದೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಬೇಕು, ಹುಳಿ ಇರಬಾರದು. ಅದಕ್ಕೆ ಒಂದು ಚಮಚ ಕಾರ್ನ್‌ಫ್ಲೋರ್ ಕಲಸಿ, ಬಿಸಿ ಪಾಸ್ತಾ ನೀರನ್ನು ಚಮಚ ಚಮಚವಾಗಿ ಬೆರೆಸಿ ಬೆಚ್ಚಗೆ ಮಾಡಿ. ಉರಿ ಸಣ್ಣ ಮಾಡಿ ಬಾಣಲೆಗೆ ಸೇರಿಸಿ ತಿರುಗಿಸುತ್ತಿರಿ, ಗಟ್ಟಿಯಾದ ಕೂಡಲೇ ಇಳಿಸಿ. ಚೆನ್ನಾಗಿರುತ್ತದೆ, ಆದರೆ ಅದು ಬೇರೆಯೇ ತಿಂಡಿ.

ಹೂಕೋಸಿನ ರುಬ್ಬು ಒಟ್ಟಿಗೆ ದುಪ್ಪಟ್ಟು ಮಾಡಿಟ್ಟುಕೊಳ್ಳುವುದು ಜಾಣತನ. ಚೀಸ್, ಕಾರ್ನ್‌ಫ್ಲೋರ್ ಹಾಕುವ ಮುಂಚೆಯೇ ಅರ್ಧ ತೆಗೆದು ಡಬ್ಬಿಗೆ ಹಾಕಿ ಫ್ರೀಜರಿಗಿಡಿ. ಕೆಲಸದ ದಿನ ರಾತ್ರಿ ಪಾಸ್ತಾ ಬೇಯುವಷ್ಟರಲ್ಲಿ ಸಾಸ್ ತಯಾರು. ಕಲಸಿದ ಪಾಸ್ತಾ ಉಳಿದರೆ ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು. ಬಿಸಿ ಮಾಡುವಾಗ ಎರಡು ಮೂರು ಚಮಚ ಹಾಲು ಚಿಮುಕಿಸಿ ಸಣ್ಣ ಉರಿಯಲ್ಲೇ ಮಾಡಿ.

ಬಾಣಲೆ ತೊಳೆಯುವಾಗ ಮೊದಲು ತಣ್ಣೀರು ಹಾಕಿ ನೆನೆಸಿ. ಬಿಸಿನೀರು ಬಿದ್ದರೆ ಚೀಸ್ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸ ಅಂಕ ಹಾಕುವವಳದ್ದು. ಬೆರಳಲ್ಲಿ ಬಾಣಲೆ ಒರೆಸಿ ನೆಕ್ಕಿದ ಮೇಲೆ ಅವಳಿಗೆ ತೊಳೆಯೋಕೆ ಜಾಸ್ತಿ ಏನೂ ಉಳಿದಿರುವುದಿಲ್ಲ.